ನೀಲಿ ತೀರ್ಥ

ವಿಮಾನ ಹಾರಿಸುವುದನ್ನು ಕಲಿಯಲು ಹೊರರಾಜ್ಯಕ್ಕೆ ಹೋಗಿರುವ ಅಕ್ಕನ ಮಗ ರಜೆಗೆಂದು ತೀರ್ಥಹಳ್ಳಿಗೆ ಬಂದಿದ್ದ. ಜಗಲಿಯಲ್ಲಿ ಕೂತು, ಹಾರುವ ಮುಂಚೆ ಮಾಡುವ ಶಾಸ್ತ್ರ ವಿವರಿಸಿದ. ರೆಕ್ಕೆಯಡಿ ಪಾರದರ್ಶಕ ಲೋಟ ಒತ್ತಿ ಒಂದು ಗುಟುಕು ಪೆಟ್ರೋಲ್ ಇಳಿಸಬೇಕು, ಬೆಳಕಿಗೆ ಹಿಡಿಯಬೇಕು. ಬಣ್ಣ ನೀಲಿಯೇ ಇರಬೇಕು. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತೇವ ನೀರಾಗಿದ್ದರೆ, ಅದು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಬೇರೆಯಾಗಿ ಕೂತಿರುತ್ತದೆ. ಆರಿದ್ರಾ ಮಳೆಯಲ್ಲಿ ಟ್ಯಾಂಕಿಗೆ ನೀರು ಹೋಗಿ ಆಗುಂಬೆ ಘಾಟಿಯಲ್ಲಿ ಬೈಕು ತಳ್ಳಿದ ನನಗೆ ಈ ಶಾಸ್ತ್ರ ಬಹಳ ಹಿಡಿಸಿತು. ಬೈಕಾದರೆ ತಳ್ಳಬಹುದು. ಮೇಲೆ ನಿಂತುಹೋದ ವಿಮಾನವನ್ನು ತಳ್ಳಲು ಯಾರನ್ನು ಕರೆಯುವುದು?

"ಆಮೇಲೆ ಲೋಟದಲ್ಲಿರೋದು?"

"ಆಮೇಲೆಂತ ಮಾವ, ನೆಲಕ್ಕೆ ಎರಚೋದು. ಆವಿಯಾಗಿ ಹೋಗ್ತದೆ."

ಆ ನೀಲಿ ಪೆಟ್ರೋಲಿನ ಹೆಸರು 100 ಎಲ್‌ಎಲ್. ಎಲ್‌ಎಲ್ ಅಂದರೆ ಲೋ ಲೆಡ್, ಕಡಿಮೆ ಸೀಸದ್ದು. ಕಡಿಮೆ ಅಂದರೆ ಲೀಟರಿಗೆ 0.56 ಗ್ರಾಂವರೆಗೆ! ಮಕ್ಕಳ ಮಿದುಳಿಗೆ ಕೇಡೆಂದು ನಮ್ಮ ಸ್ಕೂಟರುಗಳಿಗೆ ಸೀಸದ ಪೆಟ್ರೋಲ್ 2000ದಲ್ಲೇ ನಿಂತಿತು. ಹೊಗೆ ಸರ್ಟಿಫಿಕೇಟು ಎರಡು ದಿನ ತಡವಾಗಿದ್ದಕ್ಕೆ ದಂಡ ಕಟ್ಟಿದವನು ನಾನು. ಪೆಟ್ರೋಲೇನೋ ಆವಿಯಾದೀತು, ಸೀಸಕ್ಕೆ ಸ್ವರ್ಗ ಸೇರುವ ಅಭ್ಯಾಸವಿಲ್ಲ, ಬಿದ್ದಲ್ಲೇ ಠಿಕಾಣಿ. (ಶಿವಮೊಗ್ಗದ ಸೊಗಾನೆ ನಿಲ್ದಾಣಕ್ಕೆ ಬಂದಿಳಿಯುವ ದೊಡ್ಡ ವಿಮಾನಗಳ ಮೇಲೆ ಈ ದೂರಿಲ್ಲ. ಅವು ಕುಡಿಯುವುದು ಸೀಮೆಎಣ್ಣೆಯ ಜಾತಿ, ಸೀಸವಿಲ್ಲದ್ದು.)

ಅಡಿಕೆ ತೋಟಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ಹೊಡೆಯುವವರೂ ಪರೀಕ್ಷೆ ಮಾಡುತ್ತಾರೆ. ಡ್ರಮ್ಮಿಗೆ ಕತ್ತಿ ಅದ್ದಿ, ತುಕ್ಕಿನ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಪರೀಕ್ಷೆ ಮುಗಿಯಿತೆಂದು ಒಂದು ಚೊಂಬು ತೆಗೆದು ಬಾವಿಕಟ್ಟೆಗೆ ಎರಚಿದವನನ್ನು ನಾನಂತೂ ಕಂಡಿಲ್ಲ.

"ಜಾಲರಿ ಇರೋ ಲೋಟ ಬಂದಿದೆ ಮಾವ. ನೀರು, ಕಸ ಇಲ್ಲದಿದ್ರೆ ಸೋಸಿ ಟ್ಯಾಂಕಿಗೇ ವಾಪಸ್. ಕೆಟ್ಟದ್ದಾದ್ರೆ ಮುಚ್ಚಳದ ಡಬ್ಬಿಗೆ."

"ಮತ್ತೆ ನೀನ್ಯಾಕೆ ಹಾಗೆ ಮಾಡಲ್ಲ ಮಾರಾಯ?"

"ಡಬ್ಬಿ ವಿಮಾನ ನಿಲ್ಲಿಸೋ ಹ್ಯಾಂಗರ್ ಹಿಂದೆ ಇದೆ. ಅಲ್ಲಿತನಕ ನಡೀಬೇಕು."

ಒಂದೇ ಉಸಿರಿಗೆ ನೂರಾರು ಕಿಲೋಮೀಟರ್ ಹಾರುವ ಹುಡುಗ! ಕಾಲಿಗೆ ಎಷ್ಟು ಆಯಾಸವೋ.

ಒಳಗಿನಿಂದ ಅಜ್ಜಿಗೆ ಅರ್ಧ ಕೇಳಿಸಿತ್ತು. ನೀಲಿ ಅಂದಕೂಡಲೇ ಅವರಿಗೆ ರೇಷನ್ ಸೀಮೆಎಣ್ಣೆ ನೆನಪಾಗಿದೆ. "ಸುಮ್ನೆ ಚೆಲ್ಲೋ ಬದ್ಲು ಮುಂದಿನ ಸಲ ಒಂದು ಬಾಟ್ಲಿ ತಗಂಡು ಬಾರೋ, ಬಚ್ಚಲೊಲೆ ಹೊತ್ತಿಸಕ್ಕಾಗ್ತದೆ."

ಹುಡುಗ ಬೆಚ್ಚಿಬಿದ್ದು ಎದ್ದುನಿಂತ. "ಅಯ್ಯೋ ಅಜ್ಜಿ, ಬೇಡ ಬೇಡ! ಅದನ್ನ ಮನೆ ಹತ್ರಾನೂ ತರಬಾರದು. ವಿಷ ಅದು!"