ಸಾಕ್ಸ್ ಬಿಚ್ಚುವ ಹೊತ್ತು

ರಾತ್ರಿ ಹನ್ನೊಂದು ಕಾಲು. ರೂಮಿನ ಹೊಸ್ತಿಲ ಮೇಲೆ ಕೂತು ಎರಡೂ ಶೂ ಬಿಚ್ಚಿದೆ. ಆಮೇಲೆ ಎಡಗಾಲಿನ ಸಾಕ್ಸ್. ಹೊಸ್ತಿಲ ಮೇಲೆ ಕೂರಬಾರದು ಅಂತ ಅವ್ವ ಬೈಯುತ್ತಾಳೆ. ಆದರೆ ಅವ್ವ ಇರುವುದು ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ, ಹೊಸ್ತಿಲು ಇರುವುದು ಹಾಸನದಲ್ಲಿ. ಪಾದದ ಮೇಲೆ ಸಾಕ್ಸಿನ ಎಲಾಸ್ಟಿಕ್ ಒತ್ತಿದ ಕೆಂಪು ಗೆರೆ ಸುತ್ತ ಬಳೆಯ ಹಾಗೆ ಮೂಡಿದೆ. ಅದನ್ನು ಉಗುರಿನಿಂದ ಮೆಲ್ಲಗೆ ಕೆರೆದುಕೊಳ್ಳುವ ಸುಖ ಇದೆಯಲ್ಲ, ದುಡ್ಡು ಕೊಟ್ಟು ಕೊಳ್ಳುವುದಾದರೆ ನನ್ನ ಅರ್ಧ ಸಂಬಳ ಅದಕ್ಕೇ ಹೋಗುತ್ತಿತ್ತು.

ನನ್ನದು ಬಟ್ಟೆ ಅಂಗಡಿಯ ಕೆಲಸ. ಬೆಳಿಗ್ಗೆ ಹತ್ತಕ್ಕೆ ನಿಂತರೆ ಮುಗಿಯಿತು, ಕೂರುವ ಮಾತೇ ಇಲ್ಲ. ಗಿರಾಕಿಗಳು ಸೀರೆ ಬಿಚ್ಚಿಸುತ್ತಾರೆ, ನಾವು ಮಡಿಸುತ್ತೇವೆ. ಇಪ್ಪತ್ತು ಸೀರೆ ಬಿಚ್ಚಿಸಿ, "ಮನೆಯವರನ್ನ ಕರ್ಕೊಂಡು ಬರ್ತೀವಿ" ಅಂತ ಎದ್ದು ಹೋದವರು ಇವತ್ತು ಮೂರು ಜನ. ಅವರ ಮನೆಯವರು ಇನ್ನೂ ದಾರಿಯಲ್ಲೇ ಇದ್ದಾರೆ.

ಷಟರ್ ಎಳೆದು ಬಿ.ಎಂ. ರಸ್ತೆಗೆ ಬಂದರೆ ಊರೇ ಬೇರೆ. ಹಗಲು ದಾಟಲು ಜೀವ ಕೈಯಲ್ಲಿ ಹಿಡಿಯಬೇಕಾದ ರಸ್ತೆಯಲ್ಲಿ ಒಂದು ನಾಯಿ ಯಜಮಾನನ ಹಾಗೆ ಅಡ್ಡಾಡುತ್ತಿತ್ತು. ಮಂಗಳೂರಿನ ಕಡೆಗೆ ಒಂದು ಬಸ್ಸು ಹೋಯಿತು. ಕಿಟಕಿಯ ಗಾಜಿಗೆ ಕೆನ್ನೆ ಒತ್ತಿ, ಬಾಯಿ ತೆರೆದು ಮಲಗಿದ ಮುಖಗಳು. ಪಾಪ, ಇವರು ಇನ್ನೂ ಶಿರಾಡಿ ಘಾಟಿಯ ತಿರುವುಗಳಲ್ಲೆಲ್ಲ ತೂಗಾಡಬೇಕು. ನನಗಾದರೋ ಇನ್ನು ಹತ್ತೇ ನಿಮಿಷದ ನಡಿಗೆ. ಹೀಗೆ ಲೆಕ್ಕ ಹಾಕಿದಾಗ ಸಿಗುವ ಸಮಾಧಾನ ಅಷ್ಟು ಒಳ್ಳೆಯದಲ್ಲ ಅಂತ ಗೊತ್ತು. ಆದರೂ ಸಿಗುತ್ತದೆ.

ಟೀ ಗಾಡಿಯ ಅಣ್ಣ ಕೇಳದೆಯೇ ಲೋಟ ಮುಂದೆ ಇಟ್ಟರು.

"ಮುಗೀತಾ ತಮ್ಮ?"

"ಮುಗೀತು ಅಣ್ಣ."

ಇಡೀ ದಿನದಲ್ಲಿ ನಾನು ಆಡಿದ ಮಾತುಗಳಲ್ಲಿ ಏನನ್ನೂ ಮಾರಲು ಹೊರಡದ ಮಾತು ಇದೊಂದೇ.

ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಈ ಊರು ರಾತ್ರಿಯೂ ಸಾಲಿನಲ್ಲಿ ನಿಂತಿರುತ್ತದೆ. ಮಿಕ್ಕ ದಿನ ಹತ್ತೂವರೆಗೆಲ್ಲ ಮಗ್ಗಲು ಬದಲಿಸಿ ಮಲಗಿಬಿಡುತ್ತದೆ. ಹಾಗಂತ ನಾನೊಬ್ಬನೇ ಎಚ್ಚರ ಅಂದುಕೊಳ್ಳುವ ಹಾಗಿಲ್ಲ. ಇಲ್ಲೇ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇದೆಯಲ್ಲ, 1982ರಿಂದಲೂ ಅಲ್ಲಿ ಕೆಲಸ ನಡೆದಿದೆ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅವರು ಹಗಲೂ ರಾತ್ರಿ ಕಾಯುತ್ತಾರೆ. ನಾನು ಕಾಯುತ್ತಿರುವುದು ಬಕೆಟ್ಟಿನಲ್ಲಿ ಕಾಯಿಲ್ ಹಾಕಿಟ್ಟ ನೀರು ಬಿಸಿಯಾಗುವುದನ್ನು. ಹಾಸನದ ಡಿಸೆಂಬರಿನಲ್ಲಿ ಅದೂ ಸಣ್ಣ ಕೆಲಸವೇನಲ್ಲ, ಅಲ್ವಾ?

ರೂಮ್‌ಮೇಟ್ ಪೆಟ್ರೋಲ್ ಬಂಕಿನ ರಾತ್ರಿ ಪಾಳಿಗೆ ಹೋಗಿದ್ದಾನೆ. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಚಮಚ ಇಟ್ಟಿದ್ದಾನೆ. ಎತ್ತಿ ನೋಡಿದರೆ ಅವರೆಕಾಳು ಸಾರು. ಅವನ ಸಾರಿಗೆ ಉಪ್ಪು ಯಾವಾಗಲೂ ಜಾಸ್ತಿ. ಇವತ್ತಂತೂ ಅದೇ ರುಚಿ ಅನ್ನಿಸುತ್ತದೆ ಅಂತ ಉಣ್ಣುವ ಮೊದಲೇ ಗೊತ್ತು.

ಅಷ್ಟರಲ್ಲಿ ಫೋನು.

"ಉಂಡ್ಯಾ ಮಗಾ?"

"ಉಂಡೆ ಕಣವ್ವ."

"ಮತ್ತೆ ಮಲ್ಕೋ, ಹೊತ್ತಾಯ್ತು."

"ಮಲ್ಕೊಂಡೇ ಇದ್ದೀನಿ."

ಎರಡೂ ಸುಳ್ಳು. ಈಗ ಮಲಗಿದರೆ ಕಣ್ಣು ಬಿಡುವಷ್ಟರಲ್ಲಿ ಅಂಗಡಿ. ಯಾರೂ ಏನೂ ಕೇಳದ ಈ ಒಂದು ಗಂಟೆಗಾಗಿ ದಿನವೆಲ್ಲ ನಿಂತಿದ್ದೇನೆ, ಅದನ್ನು ಸುಮ್ನೆ ನಿದ್ದೆಗೆ ಕೊಡುವುದು ಹೇಗೆ? ನೀರು ಆಗಲೇ ಕುದಿಯುತ್ತಿದೆ. ಸಾರು ಆರುತ್ತಿದೆ. ಬಲಗಾಲಿನ ಸಾಕ್ಸ್ ಇನ್ನೂ ಬಿಚ್ಚಿಲ್ಲ.