ಸ್ಪ್ರಿಂಕ್ಲರ್ ಹೆಡ್ಡನ್ನು ಸುಮ್ನೆ ಹೂತುಬಿಟ್ಟರೆ ಆಗಲ್ಲ

ಲಾನ್‌ಗೆ ಸ್ಪ್ರಿಂಕ್ಲರ್ ಹಾಕಿಸುವವರು ಪಂಪು, ಟೈಮರು, ನಾಝಲ್ಲು ಅಂತ ಎಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರೆ. ಹೆಡ್ ಅಂದರೆ ನೆಲದಲ್ಲಿ ಹೂತಿರುವ ಭಾಗ; ನೀರು ಬಂದಾಗ ಅದರೊಳಗಿನ ಕೊಳವೆ ಮೇಲೆದ್ದು ನೀರು ಚಿಮ್ಮಿಸುತ್ತದೆ, ನೀರು ನಿಂತಾಗ ಸ್ಪ್ರಿಂಗ್ ಅದನ್ನು ಒಳಗೆಳೆದುಕೊಳ್ಳುತ್ತದೆ. ಈ ಹೆಡ್ಡನ್ನು ಯಾವ ಮಟ್ಟಕ್ಕೆ ಕೂರಿಸಬೇಕು ಅನ್ನುವುದನ್ನು ಮಾತ್ರ ಗುಂಡಿ ಮುಚ್ಚುವವರ ಅಂದಾಜಿಗೆ ಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕೈಕೊಡುವುದು ಇಲ್ಲೇ.

ಹೆಡ್ ಮೇಲೆ ಎದ್ದಿದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹುಲ್ಲು ಕತ್ತರಿಸುವ ಮೊವರ್ ಯಂತ್ರದ ಬ್ಲೇಡಿಗೆ ಸಿಕ್ಕಿ ಕ್ಯಾಪ್ ಹಾರುತ್ತದೆ, ಇಲ್ಲವೇ ಯಾರೋ ಎಡವುತ್ತಾರೆ. ತಗ್ಗಾಗಿ ಕೂತ ಹೆಡ್ಡಿನ ಕಾಟ ಬೇರೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ನೀರು ಹುಲ್ಲಿಗೇ ಬಡಿದು ಹೆಡ್ಡಿನ ಸುತ್ತ ಕೆಸರಾಗುತ್ತದೆ, ಆಚೆ ಕಡೆ ಹುಲ್ಲು ಒಣಗುತ್ತದೆ. ಒಣಗಿದ ಜಾಗ ನೋಡಿ ಜನ ಟೈಮರಿನಲ್ಲಿ ಇನ್ನಷ್ಟು ನಿಮಿಷ ಏರಿಸುತ್ತಾರೆ, ಕೆಸರು ಇನ್ನೂ ಜಾಸ್ತಿಯಾಗುತ್ತದೆ! ಆ ತಗ್ಗಿನಲ್ಲಿ ನಿಂತ ಮರಳು, ಮಣ್ಣು ಕೊಳವೆ ಕೆಳಗಿಳಿಯುವಾಗ ಅದರ ಸುತ್ತಲಿನ, ನೀರು ಸೋರದಂತೆ ತಡೆಯುವ ಸೀಲಿಗೆ ಮೆತ್ತಿಕೊಳ್ಳುತ್ತದೆ. ಸೀಲ್ ಸವೆದು ಸೋರುತ್ತದೆ, ಸ್ಪ್ರಿಂಗ್ ಎಷ್ಟು ಎಳೆದರೂ ಕೊಳವೆ ಪೂರ್ತಿ ಒಳಗೆ ಹೋಗುವುದಿಲ್ಲ, ಆಮೇಲೆ ಅದನ್ನೂ ಮೊವರ್ರೇ ಮುರಿಯುತ್ತದೆ.

ಹಾಗಾದರೆ ಸಮಮಟ್ಟ ಅಂದರೆ ಯಾವುದಕ್ಕೆ ಸಮ? ಹುಲ್ಲಿನ ತುದಿಗಲ್ಲ, ಮಣ್ಣಿಗೆ. ಅದೂ ಕೆಲಸ ಮುಗಿದ ಮೇಲಿನ ಮಣ್ಣಿಗೆ. ಹುಲ್ಲನ್ನು ದಾಟಿ ಮೇಲೇಳುವುದು ಕೊಳವೆಯ ಕೆಲಸ, ಅದಕ್ಕೇ ಅಲ್ವಾ 4 ಇಂಚು ಮೇಲೆ ಬರುವ ಹೆಡ್ ಸಿಗುವುದು? ಹುಲ್ಲು ಉದ್ದಕ್ಕೆ ಬಿಡುವುದಾದರೆ 6 ಇಂಚಿನದು ತೆಗೆದುಕೊಳ್ಳಿ. ಹುಲ್ಲಿನ ಚಾಪೆ ಹಾಸುವುದಿದ್ದರೆ ಅದರ ಅಡಿಯ ಮಣ್ಣಿನ ದಪ್ಪವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಇಲ್ಲದಿದ್ದರೆ ಹಾಸಿದ ದಿನವೇ ಹೆಡ್ ಮುಚ್ಚಿಹೋಗುತ್ತದೆ.

ಇಳಿಜಾರಿನಲ್ಲಿ ರಸಮಟ್ಟ ಇಟ್ಟು ಹೆಡ್ಡನ್ನು ನೆಟ್ಟಗೆ ನಿಲ್ಲಿಸುವವರನ್ನು ನೋಡಿದ್ದೇನೆ. ಗೋಡೆಗೆ ಅದು ಸರಿ, ಇಲ್ಲಿ ಸರಿಯಲ್ಲ. ಹಾಗೆ ನಿಲ್ಲಿಸಿದರೆ ಮೇಲ್ಗಡೆಯ ನೀರು ದಿಬ್ಬಕ್ಕೆ ಹೊಡೆಯುತ್ತದೆ, ಕೆಳಗಡೆಯದು ಎಲ್ಲೋ ದೂರ ಹೋಗಿ ಬೀಳುತ್ತದೆ. ನೆಲ ವಾಲಿದ್ದರೆ ಹೆಡ್ಡೂ ಹೆಚ್ಚುಕಡಿಮೆ ಅದರ ಜೊತೆಗೇ ವಾಲಬೇಕು.

ಈಗ ನಾನು ಹಟ ಹಿಡಿಯುವ ವಿಷಯ. ಅಡಿಯ ಪೈಪಿಗೂ ಹೆಡ್ಡಿಗೂ ನಡುವೆ ಗಟ್ಟಿ ಪಿವಿಸಿ ತುಂಡು ಬೇಡ, ಸ್ವಿಂಗ್ ಜಾಯಿಂಟೋ (ಮೊಣಕೈಯಂತೆ ತಿರುಗುವ ಜೋಡಣೆ) ಬಾಗುವ ಪೈಪೋ ಹಾಕಿಸಿ. ಖರ್ಚು ಸ್ವಲ್ಪ ಹೆಚ್ಚು ಅಂತ ಗುತ್ತಿಗೆಯವರು ಗೊಣಗಿದರೆ ಗೊಣಗಲಿ. ಮೊವರ್ ಚಕ್ರ ಹೆಡ್ಡಿನ ಮೇಲೆ ಹತ್ತಿದಾಗ ಗಟ್ಟಿ ತುಂಡಾದರೆ ಆ ಭಾರವೆಲ್ಲ ನೇರ ಕೆಳಗಿನ ಫಿಟಿಂಗ್‌ಗೆ ಹೋಗಿ ಅದು ಬಿರುಕು ಬಿಡುತ್ತದೆ, ಬಾಗುವಂಥದ್ದು ಅದನ್ನು ತಡೆದುಕೊಳ್ಳುತ್ತದೆ. ಅಲ್ಲದೆ ಮಟ್ಟ ಒಂದೇ ಸಲಕ್ಕೆ ಮುಗಿಯುವ ಕೆಲಸವೂ ಅಲ್ಲ. ಹೊಸದಾಗಿ ತುಂಬಿದ ಮಣ್ಣು ನೀರು ಬಿದ್ದಂತೆ ಕುಸಿಯುತ್ತದೆ. ಸ್ವಲ್ಪ ಸ್ವಲ್ಪವೇ ಮಣ್ಣು ಹಾಕಿ, ನೀರು ಬಿಟ್ಟು, ಹೆಡ್ಡನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಸುತ್ತಲೂ ತುಳಿದು ಗಟ್ಟಿ ಮಾಡಿದರೂ ಒಂದಿಷ್ಟು ಕುಸಿಯುವುದೇ. ವರ್ಷ ಕಳೆದಂತೆ ಸತ್ತ ಹುಲ್ಲು, ಮೇಲೆ ಹರಡಿದ ಗೊಬ್ಬರ ಸೇರಿ ನೆಲವೇ ಏರುತ್ತದೆ, ಹೆಡ್ ಇದ್ದಲ್ಲೇ ಉಳಿದು ತಗ್ಗಿಗೆ ಸೇರುತ್ತದೆ.

ಆಗ ಬಾಗುವ ಪೈಪ್ ಇದ್ದವರು ಹೆಡ್ಡಿನ ಸುತ್ತ ಹುಲ್ಲು ಕೊರೆದು, ಮಣ್ಣು ತೆಗೆದು, ಮೆಲ್ಲಗೆ ಮೇಲೆತ್ತಿ, ಅಡಿಗೆ ಮಣ್ಣು ತುರುಕಿದರೆ ಆಯಿತು. ಗುಂಡಿ ಮುಚ್ಚುವ ಮುಂಚೆ ಒಮ್ಮೆ ನೀರು ಬಿಟ್ಟು ಎಲ್ಲಾದರೂ ಸೋರುತ್ತಿದೆಯಾ ನೋಡಿಕೊಳ್ಳಿ. ಗಟ್ಟಿ ತುಂಡು ಹಾಕಿಸಿಕೊಂಡವರು ಪೈಪಿನ ಮಟ್ಟದವರೆಗೂ ಅಗೆದು, ಹೆಡ್ ಬಿಚ್ಚಿ, ಉದ್ದದ ತುಂಡು ಹುಡುಕಿಕೊಂಡು ಹೋಗಬೇಕು.