ಮೋಟಾರ್ ಸೂಪರ್ರಾಗಿದೆ ಅಕ್ಕಾ

ಹೊಸ ಸಾಮಾನು ತಂದಾಗ ಡಬ್ಬದ ತಳದಲ್ಲಿ ಒಂದು ಮಡಚಿದ ಕಾಗದ ಇರುತ್ತಲ್ಲ, ವಾರಂಟಿ ಕಾರ್ಡು, ಅದನ್ನ ಯಾರೂ ಓದಲ್ಲ, ಥರ್ಮಾಕೋಲ್ ಜೊತೆ ಸೀದಾ ಅಟ್ಟಕ್ಕೆ ಹೋಗುತ್ತೆ. ಒಂದ್ಸಲ ಇಳಿಸಿ ಓದಿ ನೋಡಿ. ಕಂಪನಿಯವರು ಮನಸ್ಸು ಬಿಚ್ಚಿ ನಿಜ ಹೇಳೋ ಜಾಗ ಅದೊಂದೇ. ಟೀವೀಲಿ ಮಿಕ್ಸಿ ಜಾಹೀರಾತಲ್ಲಿ ಆಯಮ್ಮ ರೇಷ್ಮೆ ಸೀರೆ ಉಟ್ಕೊಂಡು ನಗ್ತಾ ನಗ್ತಾ ಅರಿಶಿನದ ಕೊಂಬನ್ನೇ ಪುಡಿ ಮಾಡಿ ಬಿಸಾಕಿರ್ತಾಳೆ, ಕಾರ್ಡಲ್ಲಿ ನೋಡಿದ್ರೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಜಾರ್, ಬ್ಲೇಡ್, ಕಪ್ಲರ್, ವಾಷರ್, ನಾಬ್, ವೈರು, ಪ್ಲಾಸ್ಟಿಕ್ ಭಾಗ, ರಬ್ಬರ್ ಭಾಗ, ಇವ್ಯಾವುದಕ್ಕೂ ವಾರಂಟಿ ಇಲ್ಲ ಅಂತ ಇರುತ್ತೆ. ಅಂದ್ರೆ ಏನಾಯ್ತು? ಯಾವ್ಯಾವುದು ಮುರಿಯುತ್ತೆ ಅಂತ ಅವರಿಗೆ ಮೊದಲೇ ಚೆನ್ನಾಗಿ ಗೊತ್ತು, ಗೊತ್ತಿದ್ದನ್ನ ಪಟ್ಟಿ ಮಾಡಿ ಪ್ರಿಂಟ್ ಹಾಕಿಸಿ ನಮ್ಮ ಕೈಗೇ ಕೊಟ್ಟಿದ್ದಾರೆ. ಇನ್ನೆಷ್ಟು ಪ್ರಾಮಾಣಿಕತೆ ಬೇಕ್ರೀ ನಿಮಗೆ?

ಮೋಟಾರ್‌ಗೆ ಮಾತ್ರ 5 ವರ್ಷ. ಅದು ದಪ್ಪ ಅಕ್ಷರದಲ್ಲಿ, ಡಬ್ಬದ ನಾಲ್ಕೂ ಕಡೆ. ಯಾಕಂದ್ರೆ ಮಿಕ್ಸಿಲಿ ಮೋಟಾರ್ ಅಷ್ಟು ಸುಲಭಕ್ಕೆ ಹೋಗಲ್ಲ, ಅದಕ್ಕಿಂತ ಮೊದಲು ಹೋಗೋಕೆ ಬೇರೆಯವರು ಕ್ಯೂ ನಿಂತಿರ್ತಾರೆ. ಕ್ಯೂನಲ್ಲಿ ಮೊದಲನೇದು ಕಪ್ಲರ್ರು, ಜಾರ್ ಎತ್ತಿದ್ರೆ ಮೋಟಾರ್ ನೆತ್ತಿ ಮೇಲೆ ಹಲ್ಲು ಹಲ್ಲಾಗಿ ಒಂದು ಕರೀ ಬಿಲ್ಲೆ ಕೂತಿರುತ್ತಲ್ಲ, ಅದೇ. ಇಡ್ಲಿಗೆ ಉದ್ದು ರುಬ್ತಾ ಇರ್ತೀರ, ಹಿಟ್ಟು ಇನ್ನೇನು ನುಣ್ಣಗಾಗಬೇಕು ಅನ್ನುವಾಗ ಮೋಟಾರು ಗುಂಯ್ ಅಂತ ಜೋರಾಗಿ ಕೂಗಿಕೊಳ್ಳುತ್ತೆ, ಬ್ಲೇಡು ಮಾತ್ರ ಅಲ್ಲಾಡಲ್ಲ, ಮೂಗಿಗೆ ಸುಟ್ಟ ರಬ್ಬರ್ ವಾಸನೆ, ಜಾರ್ ಎತ್ತಿ ನೋಡಿದ್ರೆ ಬಿಲ್ಲೆ ಹಲ್ಲೆಲ್ಲ ಸವೆದು ಬೊಚ್ಚುಬಾಯಿ ಆಗಿದೆ, ಅಡುಗೆ ಕಟ್ಟೆ ತುಂಬ ಕರೀ ಪುಡಿ. ಇದನ್ನ ಬೇಕಂತಲೇ ಮೆತ್ತಗೆ ಮಾಡಿರೋದು, ಲೋಡ್ ಜಾಸ್ತಿಯಾದಾಗ ತಾನು ಸತ್ತು ಮೋಟಾರನ್ನ ಉಳಿಸಲಿ ಅಂತ. ಇಂಜಿನಿಯರಿಂಗ್ ಲೆಕ್ಕದಲ್ಲಿ ಸರಿಯಾದ ಬುದ್ಧಿನೇ, ಅದಕ್ಕೆ ನಾನು ಬೈಯಲ್ಲ. ಆದ್ರೆ ಸಾಯೋಕೇ ಹುಟ್ಟಿರೋ ಪಾರ್ಟು ಅಂತ ಗೊತ್ತಿದ್ಮೇಲೆ ಡಬ್ಬದಲ್ಲಿ ಇನ್ನೆರಡು ಹಾಕಿ ಕೊಡೋಕೆ ಏನು ರೋಗ? ಅದರ ಬದಲು ರೆಸಿಪಿ ಪುಸ್ತಕ ಹಾಕಿರ್ತಾರೆ, ಸಾಲ್ಸಾ ಮಾಡೋದು ಹೇಗೆ ಅಂತ. ನಮ್ಮನೇಲಿ ಕೊಬ್ಬರಿ ಚಟ್ನಿನೇ ಮುಗಿಸಲ್ಲ ಅದು.

ನಮ್ಮ ಬೀದೀಲಿ ಮೈಕ್ ಕಟ್ಕೊಂಡು "ಮಿಕ್ಸಿ ಕುಕ್ಕರ್ ಸ್ಟವ್ ರಿಪೇರೀ" ಅಂತ ಕೂಗ್ತಾ ಬರೋನಿಗೆ ತೋರಿಸಿದೆ. ಬಿಲ್ಲೆ ಬಿಚ್ಚಿದ, ತಿರುಗಿಸಿ ನೋಡಿದ, ತನ್ನ ಡಬ್ಬೀಲಿರೋ ಹತ್ತಾರು ಬಿಲ್ಲೆ ಒಂದೊಂದೇ ಇಟ್ಟು ನೋಡಿದ, ಒಂದೂ ಕೂರಲಿಲ್ಲ. "ಈ ಮಾಡೆಲ್ ಬಂದ್ ಆಗಿದೆ ಅಕ್ಕಾ, ಕಪ್ಲರ್ ಬರಲ್ಲ, ಜಾರೂ ಬರಲ್ಲ. ಮೋಟಾರ್ ಮಾತ್ರ ಸೂಪರ್ರಾಗಿದೆ." ಅದನ್ನ ಏನು ಮಾಡ್ಲಪ್ಪ ಅಂದ್ರೆ ಇಟ್ಕೊಳ್ಳಿ ಅಕ್ಕಾ ವಾರಂಟಿ ಇದೆಯಲ್ಲ ಅಂದ. ಅವನು ವ್ಯಂಗ್ಯ ಮಾಡಿದ್ನೋ ಸಮಾಧಾನ ಹೇಳಿದ್ನೋ ಇವತ್ತಿಗೂ ಗೊತ್ತಾಗಿಲ್ಲ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಅದು ಇನ್ನೊಂದು ಪುರಾಣ. ಕನ್ನಡಕ್ಕಾಗಿ ಇಷ್ಟು ಒತ್ತಿ ಅನ್ನುತ್ತೆ, ಒತ್ತಿದ್ರೆ ಆ ಕಡೆಯಿಂದ "ಹಾಂ ಜೀ ಬೋಲಿಯೇ". ಅವರು ಕೇಳೋ ಮೊದಲನೇ ಪ್ರಶ್ನೆ ಏನ್ ಗೊತ್ತಾ, ಮೇಡಂ ನೀವು ಅದನ್ನ ಕಂಟಿನ್ಯೂಸ್ಸಾಗಿ ಯೂಸ್ ಮಾಡಿದ್ರಾ. ಸರ್ಯಪ್ಪ, ಮಿಕ್ಸಿ ತಳ ತಿರುಗಿಸಿ ಓದಿ, 30 ನಿಮಿಷ ರೇಟಿಂಗ್, 5 ನಿಮಿಷ ಆನ್, 2 ನಿಮಿಷ ಆಫ್ ಅಂತ ಅಚ್ಚು ಹಾಕಿರ್ತಾರೆ. ಯಾರ ಕಣ್ಣಿಗೂ ಬೀಳಬಾರದು ಅಂತಲೇ ತಳದಲ್ಲಿ ಹಾಕಿರೋದು. ಹಬ್ಬದ ದಿನ ಒಬ್ಬಟ್ಟಿನ ಹೂರಣ ರುಬ್ಬೋಳು ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿರಬೇಕು. ಒಟ್ಟಲ್ಲಿ ಸಾಮಾನು ಹಾಳಾದ್ರೆ ಅದನ್ನ ಮಾಡಿದೋನ ತಪ್ಪಲ್ಲ, ಉಪಯೋಗಿಸಿದೋರ ತಪ್ಪು. ಶೋಕೇಸಲ್ಲಿ ಇಟ್ಟಿದ್ರೆ ನೂರು ವರ್ಷ ಬಾಳ್ತಿತ್ತು.

ಆಮೇಲೆ ಟೆಕ್ನಿಷಿಯನ್ ಬರ್ತಾನೆ, ವಿಸಿಟಿಂಗ್ ಚಾರ್ಜ್ ಬೇರೆ. ನೋಡ್ತಾನೆ, ಫೋಟೋ ಹೊಡೀತಾನೆ, ಪಾರ್ಟ್ ಆರ್ಡರ್ ಹಾಕಬೇಕು ಮೇಡಂ ಅಂತಾನೆ, ಹೋಗುವಾಗ ನಿಮ್ಮ ಫೋನಿಗೆ ಹ್ಯಾಪಿ ಕೋಡ್ ಬಂದಿದೆ ಹೇಳಿ ಅಂತಾನೆ. ಹೌದು, ಅದರ ಹೆಸರೇ ಹ್ಯಾಪಿ ಕೋಡ್. ಅದನ್ನ ಹೇಳಿದ ಮರುಕ್ಷಣ "ನಿಮ್ಮ ದೂರು ಯಶಸ್ವಿಯಾಗಿ ಪರಿಹಾರವಾಗಿದೆ" ಅಂತ ಮೆಸೇಜು. ಎದುರಿಗೆ ಮಿಕ್ಸಿ ಹೊಟ್ಟೆ ಬಗೆದುಕೊಂಡು ಕೂತಿದೆ, ಸಿಸ್ಟಮ್‌ನಲ್ಲಿ ನಾನು ಹ್ಯಾಪಿ. ಐದು ಸ್ಟಾರ್ ಕೊಡಿ ಮೇಡಂ, ಇಲ್ಲಾಂದ್ರೆ ನಮ್ಮ ಇನ್ಸೆಂಟಿವ್ ಕಟ್ ಆಗುತ್ತೆ ಅಂತ ಆ ಹುಡುಗ ಮುಖ ಚಿಕ್ಕದು ಮಾಡಿದಾಗ ಕೊಟ್ಟೂ ಬಿಡ್ತೀವಿ, ಅವನದೇನು ತಪ್ಪು.

ಹಿಂಗೆ ಬಂದ ಸ್ಟಾರ್‌ಗಳನ್ನ ನೋಡ್ಕೊಂಡೇ ತಾನೇ ನಾವು ಮುಂದಿನ ಸಾಮಾನು ತಗೊಳ್ಳೋದು? ಸುಳ್ಳು ರಿವ್ಯೂ ಕಾಟಕ್ಕೆ ಸರ್ಕಾರ 2022ರ ನವೆಂಬರ್‌ನಲ್ಲಿ ಒಂದು ಸ್ಟ್ಯಾಂಡರ್ಡೇ ತಂತು, ಐಎಸ್ 19000 ಅಂತ, ರಿವ್ಯೂನ ಹೆಂಗೆ ಸಂಗ್ರಹಿಸಬೇಕು, ಹೆಂಗೆ ಪ್ರಕಟಿಸಬೇಕು ಅಂತೆಲ್ಲ ಅದರಲ್ಲಿದೆ. ಆದ್ರೆ ಅದು ತಂದಾಗ ಕಡ್ಡಾಯ ಅಲ್ಲ, ಇಷ್ಟ ಇದ್ದೋರು ಪಾಲಿಸಬಹುದು ಅಂದ್ರು. ಕಳ್ಳತನ ಮಾಡಬೇಡಿ, ಇದು ವಾಲಂಟರಿ.

ಬಲ್ಬಿಗೆ ಬನ್ನಿ. ಎಲ್‌ಇಡಿ ಡಬ್ಬದ ಮೇಲೆ 25,000 ಗಂಟೆ ಅಂತ ಬರೆದಿರುತ್ತೆ, ದಿನಕ್ಕೆ 6 ಗಂಟೆ ಹಾಕಿದ್ರೂ ಹನ್ನೊಂದು ವರ್ಷದ ಮೇಲಾಯ್ತು, ಮಗು ಅಕ್ಷರಾಭ್ಯಾಸದಿಂದ ಪಿಯುಸಿವರೆಗೆ ಒಂದೇ ಬಲ್ಬಲ್ಲಿ ಓದಬಹುದು. ಅದೇ ಡಬ್ಬ ತಿರುಗಿಸಿದ್ರೆ ವಾರಂಟಿ 1 ವರ್ಷ. ವರ್ಷಪೂರ್ತಿ ಹಗಲೂ ರಾತ್ರಿ ಸ್ವಿಚ್ ಆರಿಸದೇ ಬಿಟ್ರೂ 8,760 ಗಂಟೆ ತಾನೇ ಆಗೋದು, ಅಂದ್ರೆ ತಾನು ಹೇಳಿದ ಮಾತಿನ ಮೇಲೆ ಕಂಪನಿಗೇ ಇರೋ ನಂಬಿಕೆ ಮೂರರಲ್ಲಿ ಒಂದು ಪಾಲು ಚಿಲ್ಲರೆ. ಎಲ್‌ಇಡಿ ನಿಜಕ್ಕೂ ಬಾಳುತ್ತೆ, ಸುಳ್ಳಲ್ಲ, ಆದ್ರೆ ಅದಕ್ಕೆ ಕರೆಂಟ್ ಹದ ಮಾಡಿ ಕೊಡೋ ಡ್ರೈವರ್ ಅಂತ ಒಳಗೆ ಒಂದು ಪುಟಾಣಿ ಬೋರ್ಡ್ ಇರುತ್ತಲ್ಲ, ಗಾಳಿ ಆಡದ ಆ ಪ್ಲಾಸ್ಟಿಕ್ ಬುರುಡೆಯೊಳಗೆ ಬಿಸಿಗೆ ಅದರ ಕೆಪಾಸಿಟರ್ ಒಣಗಿ ಹೋಗುತ್ತೆ. ಇಲ್ಲೂ ಮೋಟಾರ್ ಸೂಪರ್ರಾಗಿದೆ ಕಥೆನೇ. 1924ರಲ್ಲಿ ಜಿನೀವಾದಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಸೇರಿ ಫೀಬಸ್ ಅಂತ ಒಂದು ಕೂಟ ಕಟ್ಕೊಂಡು ಬಲ್ಬಿನ ಆಯಸ್ಸು 1,000 ಗಂಟೆಗೆ ನಿಲ್ಲಿಸಬೇಕು ಅಂತ ಮಾತಾಡ್ಕೊಂಡ್ವು, ಅದಕ್ಕಿಂತ ಜಾಸ್ತಿ ಉರಿಯೋ ಬಲ್ಬ್ ಮಾಡಿದ ಮೆಂಬರ್‌ಗೆ ದಂಡ ಬೇರೆ. ಪಾಪ ಆಗ ಎಷ್ಟು ಕಷ್ಟ ಇತ್ತು ನೋಡಿ. ಈಗ ಕೂಟಾನೂ ಬೇಡ ದಂಡಾನೂ ಬೇಡ, ಎಲ್ಲರೂ ಶಿಸ್ತಾಗಿ ತಾವೇ ಪಾಲಿಸ್ತಾರೆ.

ಬಟ್ಟೆ ಕ್ಲಿಪ್ಪಿನ ವಿಷಯ ಹೇಳೋಕೆ ಹೊಟ್ಟೆ ಉರಿಯುತ್ತೆ, ಬಿಸಿಲಲ್ಲಿ ಬಟ್ಟೆ ಒಣಗಿಸೋಕೆ ಅಂತಲೇ ಮಾಡಿರೋ ಸಾಮಾನು ಅದು, ಬಿಸಿಲು ಕಂಡ್ರೆ ಆಗಲ್ಲ ಅದಕ್ಕೆ. ಬಿಸಿಲು ತಡೆಯೋ ಮದ್ದು ಬೆರೆಸದ ಪ್ಲಾಸ್ಟಿಕ್ ನಾಲ್ಕು ತಿಂಗಳಲ್ಲಿ ಬಿಳಚಿಕೊಂಡು ಪುಡಿ ಪುಡಿ. ಇದು ಬೆಂಗಳೂರು ಮೈಸೂರಿನ ಬಿಸಿಲಿಗೆ, ರಾಯಚೂರು ಕಲಬುರಗಿಯವರು ಏನು ಮಾಡ್ತಾರೋ ಶಿವನೇ ಬಲ್ಲ. ಗಟ್ಟಿಯಾಗಿರೋದು ಅಂದ್ರೆ ಒಂದೇ, ಸ್ಟೀಲ್ ತಟ್ಟೆ ಮಧ್ಯಕ್ಕೆ ಅಂಟಿಸಿರೋ ಸ್ಟಿಕ್ಕರ್ರು. ಅದಕ್ಕೆ ಯಾವ ವಾರಂಟೀನೂ ಕೊಟ್ಟಿಲ್ಲ, ಕಾಯಿಸಿದ್ರೂ ಎಣ್ಣೆ ಹಚ್ಚಿದ್ರೂ ಜಪ್ಪಯ್ಯ ಅನ್ನಲ್ಲ. ಆ ಗೋಂದು ಮಾಡೋರನ್ನೇ ಕರೆಸಿ ಮಿಕ್ಸಿನೂ ಮಾಡಿಸಬಾರದಾ?

ಸರ್ಕಾರ ಏನೂ ಮಾಡ್ತಿಲ್ಲ ಅಂತ ನಾನು ಹೇಳಲ್ಲ. ಸಿಡಿದ್ರೆ ಜೀವ ಹೋಗೋ ಸಾಮಾನು ಅಂತ ಪ್ರೆಶರ್ ಕುಕ್ಕರ್‌ಗೆ ಐಎಸ್‌ಐ ಮಾರ್ಕ್ ಕಡ್ಡಾಯ ಮಾಡಿದ್ರು, 2021ರ ಫೆಬ್ರವರಿಯಿಂದ ಜಾರಿ. ಆದ್ರೂ ಮಾರ್ಕ್ ಇಲ್ಲದ ಕುಕ್ಕರ್‌ಗಳು ಅಮೆಜಾನ್‌ನಲ್ಲಿ ಆರಾಮಾಗಿ ಮಾರಾಟ ಆಗ್ತಿದ್ವು, 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಿಡಿದು ಆರ್ಡರ್ ಮಾಡ್ತು, ಹಿಂಗೆ ಹೋಗಿದ್ದು 2,265 ಕುಕ್ಕರ್, ಕೊಂಡೋರಿಗೆಲ್ಲ ತಿಳಿಸಿ, ವಾಪಸ್ ತಗೊಂಡು ದುಡ್ಡು ಕೊಡಿ, ಮೇಲೆ 1 ಲಕ್ಷ ದಂಡ ಕಟ್ಟಿ ಅಂತ. ಕಮಿಷನ್ ಅಂತಲೇ ಅಮೆಜಾನ್‌ಗೆ ಬಂದಿದ್ದು 6 ಲಕ್ಷದ ಮೇಲೆ. ಭಾಗಾಕಾರ ಮಾಡಿ ನೋಡಿ, ಕುಕ್ಕರ್‌ಗೆ 44 ರೂಪಾಯಿ ದಂಡ. ನಮ್ಮ ಬೀದಿ ಅಂಗಡೀಲಿ ಗ್ಯಾಸ್ಕೆಟ್ಟೂ ಆ ರೇಟಿಗೆ ಬರಲ್ಲ.

ಅದೇ ವರ್ಷ ಡಿಸೆಂಬರ್ 24ಕ್ಕೆ, ರಾಷ್ಟ್ರೀಯ ಗ್ರಾಹಕರ ದಿನ, ರಿಪೇರಿ ನಮ್ಮ ಹಕ್ಕು ಅಂತ ಒಂದು ಪೋರ್ಟಲ್ಲೂ ಬಂತು. ಕಂಪನಿಗಳು ಅದರಲ್ಲಿ ಮ್ಯಾನ್ಯುಯಲ್ಲು, ಸರ್ವಿಸ್ ಸೆಂಟರ್ ವಿವರ, ಸ್ಪೇರ್ ಪಾರ್ಟ್ ಮಾಹಿತಿ ಎಲ್ಲ ಹಾಕಬೇಕು ಅನ್ನೋದು ಉದ್ದೇಶ, ಒಳ್ಳೇದೇ. ಆದ್ರೆ ಮೈಕ್ ಕಟ್ಕೊಂಡು ಬರೋ ನಮ್ಮ ರಿಪೇರಿಯವನಿಗೆ ಬೇಕಿರೋದು ಮಾಹಿತಿ ಅಲ್ಲ ಸ್ವಾಮೀ, ಬಿಲ್ಲೆ.

ಇಷ್ಟಾದ್ಮೇಲೂ ಬಿಡಲ್ಲ ಅನ್ನೋ ಹಠ ಇದ್ದೋರಿಗೆ ಕಾನೂನು ಗಟ್ಟಿಯಾಗೇ ಇದೆ, ಬಹುಶಃ ನಮ್ಮಲ್ಲಿ ತಯಾರಾದ ಗಟ್ಟಿ ಸಾಮಾನು ಅಂದ್ರೆ ಅದೇ ಇರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಂಬರ್ 1915ಕ್ಕೆ ಫೋನ್ ಹಚ್ಚಬಹುದು, ಅಲ್ಲಿ ಬಗೆಹರಿದ್ರೆ ಆಯ್ತು, ಇಲ್ಲಾಂದ್ರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೆಯ ಆಯೋಗದಲ್ಲೇ ಕೇಸ್ ಹಾಕಬಹುದು, 5 ಲಕ್ಷದವರೆಗಿನ ಸಾಮಾನಿಗೆ ಫೀಸಿಲ್ಲ, ಲಾಯರ್ ಇಡಲೇಬೇಕು ಅಂತಿಲ್ಲ. ಸರಿ, ಅನ್‌ಬ್ರೇಕಬಲ್ ಅಂತ ಸ್ಟಿಕ್ಕರ್ ಅಂಟಿಸಿದ ಬಕೆಟ್ಟು ತಂದ್ರಿ ಅಂತಿಟ್ಕೊಳ್ಳಿ, ಸಂಪಿಂದ ನೀರು ತುಂಬಿ ಎತ್ತಿದ್ರೆ ಹಿಡಿ ನಿಮ್ಮ ಕೈಲಿ, ಬಕೆಟ್ಟು ನಿಮ್ಮ ಕಾಲ ಮೇಲೆ. ಕೇಸ್ ಹಾಕ್ತೀರ. ಕಂಪನಿ ಕಡೆಯವರು ಬಂದು ಬಕೆಟ್ಟಲ್ಲಿ ದೋಷ ಇಲ್ಲ, ಎತ್ತಿದ್ದೇ ತಪ್ಪು ಅಂತಾರೆ. ಹಾಗಾದ್ರೆ ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸೋಣ ಅಂತ ಆಯೋಗ ಹೇಳುತ್ತೆ, ಅದಕ್ಕೆ ಲ್ಯಾಬ್ ಫೀಸ್ ನೀವೇ ಮೊದಲು ಕಟ್ಟಿ ಅಂತಲೂ ಹೇಳಬಹುದು, ಅದು ಬಕೆಟ್ಟಿನ ರೇಟಿಗಿಂತ ಜಾಸ್ತಿ ಆದ್ರೆ ನಿಮ್ಮ ಹಣೆಬರಹ. ಪರೀಕ್ಷೆ ಬೇಡದ ಕೇಸು 3 ತಿಂಗಳಲ್ಲಿ, ಪರೀಕ್ಷೆ ಬೇಕಾದ್ದು 5 ತಿಂಗಳಲ್ಲಿ ಮುಗಿಸೋಕೆ ನೋಡಬೇಕು ಅಂತ ಕಾಯ್ದೇಲಿದೆ. ಅಲ್ಲಿಗೆ ಐದು ತಿಂಗಳು ಆ ಬಕೆಟ್ಟು ಸೀಲು ಹಾಕಿಸ್ಕೊಂಡು, ನಂಬರ್ ಬರೆಸ್ಕೊಂಡು, ಹನಿ ನೀರು ಕಾಣದೇ ನೆರಳಲ್ಲಿ ತಣ್ಣಗೆ ಕೂತಿರುತ್ತೆ. ನಿಮ್ಮ ಬಚ್ಚಲುಮನೇಲಿ ಬಾಳಿದ್ದಕ್ಕಿಂತ ಜಾಸ್ತಿ ದಿನ ಆಯೋಗದ ಕಪಾಟಲ್ಲೇ ಬಾಳುತ್ತೆ, ಆಮೇಲೆ ಕಂಪನಿ ವಕೀಲರು ಎದ್ದು ನಿಂತು ನೋಡಿ ಸ್ವಾಮಿ ಇಷ್ಟು ತಿಂಗಳಾದ್ರೂ ಬಕೆಟ್ಟಿಗೆ ಏನೂ ಆಗಿಲ್ಲ, ಹಿಡಿ ಒಂದು ಬಿಟ್ಟು, ಅದಕ್ಕೆ ವಾರಂಟಿ ಬರಲ್ಲ ಅಂತಾರೆ.